ತ್ಫಿಲಿಸಿಯ ಬೆಳ್ಳಿ ಅಬಾಜಿ: ಕೊಳ್ಳುವ ಮೊದಲು ಓದುವುದು ಹೇಗೆ?

ಕಳೆದ ದೀಪಾವಳಿ ಹೊತ್ತಿಗೆ ಅಕ್ಕನ ಮಗಳು ವಾಟ್ಸಾಪಿನಲ್ಲಿ ಒಂದು ಫೋಟೊ ಕಳಿಸಿದಳು. ಮೆಡಿಕಲ್ ಓದೋಕೆ ಅಂತ ಜಾರ್ಜಿಯಾ ದೇಶದ ರಾಜಧಾನಿ ಟಿಬಿಲಿಸಿಗೆ ಹೋಗಿ ಆಗ ಒಂದೂವರೆ ತಿಂಗಳಾಗಿತ್ತಷ್ಟೆ. ರಜಾ ದಿನ ಡ್ರೈ ಬ್ರಿಡ್ಜ್ ಹತ್ತಿರದ ಹಳೆ ಸಾಮಾನಿನ ಸಂತೆ ನೋಡಲು ಹೋಗಿದ್ದಳು. ಸೋವಿಯತ್ ಕಾಲದ ಪದಕ, ಕ್ಯಾಮೆರಾ, ಪಿಂಗಾಣಿ ಬಟ್ಟಲುಗಳ ಪಕ್ಕದಲ್ಲಿ ಒಂದು ಬಟ್ಟೆ ಹಾಸಿತ್ತು. ಅದರ ಮೇಲೆ ಸಣ್ಣದೊಂದು ಬೆಳ್ಳಿ ನಾಣ್ಯ. "ಚಿಕ್ಕಮ್ಮಾ, ಇನ್ನೂರು ವರ್ಷ ಹಳೇದಂತೆ. ತಗೊಳ್ಳಲಾ?"

ಎಷ್ಟು ಹೇಳ್ತಿದ್ದಾನೆ ಅಂತ ನಾನು ಕೇಳಲಿಲ್ಲ. "ಅದರ ಮೇಲೆ ಏನು ಬರೆದಿದೆ ಓದು" ಅಂದೆ. "ಈ ಲಿಪಿ ನಂಗೆಲ್ಲಿ ಬರತ್ತೆ?" ಅಂದಳು. ಅರ್ಧ ಗಂಟೆಯಲ್ಲಿ ಊರು, ಬೆಲೆ, ಇಸವಿ ಮೂರನ್ನೂ ಓದಿದಳು. ನಿಮಗೂ ಅಷ್ಟೇ ಸಮಯ ಸಾಕು. ಈ ನಾಣ್ಯದ ಮೇಲೆ ಹೆಚ್ಚು ಬರಹವಿಲ್ಲ. ಇರುವ ನಾಲ್ಕಾರು ಪದಗಳೇ ಓದುವ ಪಾಠವನ್ನೂ ಕಲಿಸಿಬಿಡುತ್ತವೆ.

ಯಾವ ನಾಣ್ಯ ಇದು?

1804ರಿಂದ 1834ರವರೆಗೆ ಟಿಫ್ಲಿಸ್ (ಆಗಿನ ಜಾರ್ಜಿಯನ್ ಬರಹದಲ್ಲಿ ತ್ಫಿಲಿಸಿ, ಇಂದಿನ ಟಿಬಿಲಿಸಿ) ಟಂಕಸಾಲೆ ಅಚ್ಚು ಹಾಕಿದ, ಅಬಾಜಿ ಎಂಬ ಬೆಳ್ಳಿ ನಾಣ್ಯಗಳ ಬಗ್ಗೆ ನಾನು ಹೇಳುತ್ತಿರುವುದು. ಆಳುತ್ತಿದ್ದವರು ರಷ್ಯನ್ನರು. ನಾಣ್ಯದ ಭಾಷೆ ಮಾತ್ರ ಜಾರ್ಜಿಯನ್.

ಹಿಂದಿನ ಕಥೆ ಸ್ವಲ್ಪ ಗೊತ್ತಿರಲಿ, ಆಮೇಲೆ ಉಪಯೋಗಕ್ಕೆ ಬರುತ್ತದೆ. ಪೂರ್ವ ಜಾರ್ಜಿಯಾದ ಕಾರ್ತ್ಲಿ-ಕಾಖೇತಿ ರಾಜ್ಯದ ದೊರೆ ಎರಡನೇ ಎರೆಕ್ಲೆ 1783ರಲ್ಲಿ ರಷ್ಯಾದ ಜೊತೆ ಗಿಯೋರ್ಗಿಯೆವ್ಸ್ಕ್ ಒಪ್ಪಂದ ಮಾಡಿಕೊಂಡ. ಪರ್ಷಿಯಾದಿಂದ ರಕ್ಷಣೆ ಸಿಗಲಿ ಎಂಬ ಆಸೆ ಅವನದು. 1795ರಲ್ಲಿ ಪರ್ಷಿಯಾದ ಆಘಾ ಮೊಹಮ್ಮದ್ ಖಾನ್ ಬಂದು ಟಿಫ್ಲಿಸನ್ನು ಸುಟ್ಟು ಸೂರೆ ಮಾಡಿದಾಗ ಆ ರಕ್ಷಣೆ ಬರಲೇ ಇಲ್ಲ. ಎರೆಕ್ಲೆ 1798ರಲ್ಲಿ ತೀರಿಕೊಂಡ. ಅವನ ಮಗ ಹನ್ನೆರಡನೇ ಗಿಯೋರ್ಗಿ 1800ರ ಕೊನೆಗೆ ಹೋದ. ಮರುವರ್ಷ, 1801ರಲ್ಲಿ, ರಷ್ಯಾ ಆ ರಾಜ್ಯವನ್ನೇ ನುಂಗಿತು.

ನುಂಗಿದ ಮೇಲೂ ಸಂತೆ ನಡೆಯಬೇಕಲ್ಲ. ಜನರ ಬಾಯಲ್ಲಿದ್ದದ್ದು ಅಬಾಜಿ, ಶೌರಿ, ಬಿಸ್ತಿ ಎಂಬ ಹಳೆ ನಾಣ್ಯಗಳ ಹೆಸರು. ಅಬಾಜಿ ಎಂಬ ಹೆಸರು ಬಂದದ್ದು ಪರ್ಷಿಯಾದ ಷಾ ಅಬ್ಬಾಸನಿಂದ. ರೂಬಲ್ ಕೊಟ್ಟರೆ ಹಳ್ಳಿಯವನು ಅನುಮಾನದಿಂದ ನೋಡುತ್ತಾನೆ. ಆಗ ಜಾರ್ಜಿಯಾದ ಮುಖ್ಯಾಧಿಕಾರಿಯಾಗಿದ್ದವನು ಸೇನಾಪತಿ ಪಾವೆಲ್ ತ್ಸಿತ್ಸಿಯಾನೊವ್. ಅವನ ಮನೆತನದ ಮೂಲವೂ ಜಾರ್ಜಿಯಾವೇ. ಅವನ ಕಾಲದಲ್ಲಿ ಟಂಕಸಾಲೆ ಮತ್ತೆ ತೆರೆಯಿತು. ಗಣಿ ಮತ್ತು ಲೋಹದ ವಿದ್ಯೆ ಬಲ್ಲ ಕೌಂಟ್ ಅಪೊಲೊಸ್ ಮುಸಿನ್-ಪುಷ್ಕಿನ್ ಅದರ ಹಿಂದೆ ನಿಂತು ಕೆಲಸ ಮಾಡಿಸಿದ. ಪ್ಲಾಟಿನಂ ಬಗ್ಗೆ ಸಂಶೋಧನೆ ಮಾಡಿದ ರಸಾಯನಶಾಸ್ತ್ರಜ್ಞ ಅವನು. 1805ರಲ್ಲೇ ತೀರಿಕೊಂಡ, ಪಾಪ.

ಹೊಸ ನಾಣ್ಯಕ್ಕೆ ಹಳೆ ಹೆಸರು, ಹಳೆ ಲೆಕ್ಕ, ಊರಿನ ಲಿಪಿ. ನಮ್ಮಲ್ಲೂ ಹಾಗೇ ನಡೆಯಿತು, ಅಲ್ವಾ? ಈಸ್ಟ್ ಇಂಡಿಯಾ ಕಂಪನಿಯವರು 1835ರವರೆಗೂ ಮೊಘಲ್ ಬಾದಶಹ ಷಾ ಆಲಂ ಹೆಸರಿನಲ್ಲೇ ರೂಪಾಯಿ ಹೊಡೆಯುತ್ತಿದ್ದರು. ಎರಡೂ ಕಡೆ ಈ ನಾಟಕ ಮುಗಿದದ್ದು ಹೆಚ್ಚುಕಮ್ಮಿ ಒಂದೇ ಹೊತ್ತಿಗೆ.

ಹುಡುಕುವಾಗ ಒಂದು ಎಚ್ಚರಿಕೆ

ಇಂಟರ್ನೆಟ್ಟಿನಲ್ಲಿ ಸುಮ್ನೆ 'ಜಾರ್ಜಿಯನ್ ಸಿಲ್ವರ್' ಅಂತ ಹುಡುಕಿದರೆ ಇಂಗ್ಲೆಂಡಿನ ಚಮಚ, ಟೀ ಪಾತ್ರೆಗಳು ಸಾಲುಸಾಲಾಗಿ ಬರುತ್ತವೆ. ಅಲ್ಲಿ ಜಾರ್ಜ್ ಹೆಸರಿನ ರಾಜರು ಆಳಿದ ಕಾಲದ ಬೆಳ್ಳಿಗೂ ಅದೇ ಹೆಸರು. ಕಾಲವೂ ಸುಮಾರು ಅದೇ, ಅದಕ್ಕೇ ಗೊಂದಲ ಇನ್ನೂ ಜಾಸ್ತಿ. ಅದರ ಬದಲು 'ಅಬಾಜ್ ಟಿಫ್ಲಿಸ್', 'ಡಬಲ್ ಅಬಾಜ್' ಅಂತ ಹುಡುಕಿ. ಕೆಲವು ಕ್ಯಾಟಲಾಗುಗಳು ಇದನ್ನು ಜಾರ್ಜಿಯಾದ ಕೆಳಗೆ ಇಡುತ್ತವೆ, ಕೆಲವು ರಷ್ಯಾದ ಕೆಳಗೆ. ಎರಡು ಡ್ರಾಯರನ್ನೂ ಎಳೆದು ನೋಡಬೇಕು.

ಹೆಜ್ಜೆ 1: ಎರಡೂ ಮುಖ ನೋಡಿ

ಹತ್ತು ಪಟ್ಟು ದೊಡ್ಡದಾಗಿ ಕಾಣಿಸುವ ಲೂಪ್ ಇದ್ದರೆ ಒಳ್ಳೆಯದು. ಇಲ್ಲದಿದ್ದರೆ ಮೊಬೈಲ್ ಕ್ಯಾಮೆರಾ ಝೂಮ್ ಮಾಡಿ. ಬೆಳಕು ಮೇಲಿನಿಂದ ನೇರ ಬೀಳಬಾರದು, ಪಕ್ಕದಿಂದ ಓರೆಯಾಗಿ ಬೀಳಬೇಕು. ಆಗ ಸವೆದ ಅಕ್ಷರದ ನೆರಳೂ ಎದ್ದು ಕಾಣುತ್ತದೆ. ಸಾಯಂಕಾಲದ ಕಿಟಕಿ ಬೆಳಕು ಇದಕ್ಕೆ ಬಹಳ ಚೆನ್ನ.

ಒಂದು ಬದಿಯಲ್ಲಿ ಕೋಟೆ ಗೋಡೆಯಂತೆ ತೆನೆಗಳಿರುವ ಕಿರೀಟವಿದೆ. ಅದು ರಾಜನ ಕಿರೀಟ ಅಲ್ಲ, ಊರಿನ ಕಿರೀಟ. ಕೆಳಗೆ ಊರಿನ ಹೆಸರು. ಅದರ ಕೆಳಗೆ ತಾಳೆ ಮತ್ತು ಆಲಿವ್ ರೆಂಬೆಗಳು ಒಂದರ ಮೇಲೊಂದು ಅಡ್ಡಹಾಯ್ದಿವೆ. ಇನ್ನೊಂದು ಬದಿಯಲ್ಲಿ ಬರೀ ಬರಹ: ಮೇಲೆ ಒಂಟಿ ಅಕ್ಷರ, ನಡುವೆ ಎರಡು ಪದ, ಕೆಳಗೆ ಇಸವಿ, ಎಲ್ಲಕ್ಕಿಂತ ಕೆಳಗೆ ಎರಡು ಪುಟ್ಟ ಅಕ್ಷರ.

ಚಕ್ರವರ್ತಿಯ ಮುಖ ಇಲ್ಲ. ಅವನ ಹೆಸರೂ ಇಲ್ಲ. ರಷ್ಯಾದ ಎರಡು ತಲೆಯ ಹದ್ದೂ ಇಲ್ಲ. ನನಗೆ ಬಹಳ ತಮಾಷೆ ಎನಿಸುವುದು ಇದೇ. ಎರೆಕ್ಲೆ ಇನ್ನೂ ತನ್ನ ಸಿಂಹಾಸನದಲ್ಲಿ ಇದ್ದಾಗ ಹೊಡೆಸಿದ ಕೆಲವು ತಾಮ್ರದ ನಾಣ್ಯಗಳ ಮೇಲೆ ಆ ಹದ್ದು ಇದೆ, ನಮ್ಮ ಗಂಡಭೇರುಂಡದ ತಂಗಿಯ ಹಾಗೆ. ರಾಜ್ಯ ಕೈಗೆ ಬಂದ ಮೇಲೆ ರಷ್ಯನ್ನರು ಅದನ್ನು ಹಾಕಲಿಲ್ಲ. ಹಾಕುವ ಅಗತ್ಯ ಇರಲಿಲ್ಲವೇನೋ.

ಯಾರಾದರೂ ಹದ್ದು ಇರುವುದನ್ನೋ, ಅರಬ್ಬೀ-ಪರ್ಷಿಯನ್ ಬರಹ ಇರುವುದನ್ನೋ ತೋರಿಸಿ 'ರಷ್ಯನ್ ಕಾಲದ ಟಿಫ್ಲಿಸ್ ಬೆಳ್ಳಿ' ಅಂದರೆ ಅಲ್ಲೇ ನಿಲ್ಲಿ. ಪರ್ಷಿಯನ್ ಬರಹದ ಬೆಳ್ಳಿ ಅಬಾಜಿ ಎರೆಕ್ಲೆ ಕಾಲದ್ದಿರಬಹುದು. ಅದರ ಮೇಲೆ 'ಯಾ ಕರೀಂ' ಎಂದಿರುತ್ತದೆ, ಇಸವಿ ಹಿಜರಿ ಲೆಕ್ಕದಲ್ಲಿರುತ್ತದೆ. ಅದೂ ಒಳ್ಳೆ ನಾಣ್ಯವೇ. ಆದರೆ ಬೇರೆ ನಾಣ್ಯ.

ಹೆಜ್ಜೆ 2: ಅಕ್ಷರ ಎಣಿಸಿ

ಇಲ್ಲಿ ಸ್ವಲ್ಪ ನಿಧಾನಿಸೋಣ. ಜಾರ್ಜಿಯನ್ ಲಿಪಿ ನಮ್ಮದರ ಹಾಗೇ ಗುಂಡುಗುಂಡು. ಆದರೆ ಒತ್ತಕ್ಷರ ಇಲ್ಲ, ಕಾಗುಣಿತ ಇಲ್ಲ. ಒಂದು ಸದ್ದಿಗೆ ಒಂದು ಅಕ್ಷರ, ಎಡದಿಂದ ಬಲಕ್ಕೆ. ಹಾಗಾಗಿ ಎಣಿಸುವುದು ಸುಲಭ.

ಕಿರೀಟದ ಕೆಳಗಿನ ಪದದಲ್ಲಿ ಏಳು ಅಕ್ಷರ: ತ, ಫ, ಇ, ಲ, ಇ, ಸ, ಇ. ತ್ಫಿಲಿಸಿ. ಮೂರನೇ, ಐದನೇ, ಏಳನೇ ಅಕ್ಷರ ಒಂದೇ ಆಗಿರಬೇಕು. ಅದು 'ಇ'.

ಹಿಂಬದಿಯ ಮೊದಲ ಪದದಲ್ಲೂ ಏಳು ಅಕ್ಷರ: ಕ, ಅ, ರ, ಥ, ಉ, ಲ, ಇ. ಕಾರ್ಥುಲಿ. ಅಂದರೆ 'ಜಾರ್ಜಿಯಾದ' ಎಂದರ್ಥ. ಎರಡನೇ ಪದದಲ್ಲಿ ಐದು: ಥ, ಎ, ಥ, ರ, ಇ. ಥೆಥ್ರಿ. ಮೊದಲನೇ ಮತ್ತು ಮೂರನೇ ಅಕ್ಷರ ಒಂದೇ. ಥೆಥ್ರಿ ಎಂದರೆ ಬಿಳಿ, ಇಲ್ಲಿ ಬೆಳ್ಳಿ. ನಮ್ಮ 'ಬೆಳ್ಳಿ'ಯೂ ಬಿಳುಪಿನ 'ಬೆಳ್' ಎಂಬುದರಿಂದಲೇ ಹುಟ್ಟಿದ್ದಲ್ವಾ? ಅವರಿಗೂ ನಮಗೂ ಒಂದೇ ಬಣ್ಣ ಕಂಡಿದೆ. ಇಂದಿಗೂ ಜಾರ್ಜಿಯಾದ ಚಿಲ್ಲರೆಗೆ ಇದೇ ಹೆಸರು. 1995ರಲ್ಲಿ ಬಂದ ಲಾರಿ ಎಂಬ ಹಣದಲ್ಲಿ 100 ಥೆಥ್ರಿಗೆ ಒಂದು ಲಾರಿ.

ಎರಡನೇ ಪದದಲ್ಲಿ ನಾಲ್ಕೇ ಅಕ್ಷರ ಇದ್ದರೆ ಅದು 'ಫುಲಿ'. ಅಂದರೆ ತಾಮ್ರದ ಚಿಲ್ಲರೆ. ಹಳಗನ್ನಡದ ಪುಲಿ ಅಲ್ಲ, ಕಚ್ಚುವುದಿಲ್ಲ. ಅದೇ ಟಂಕಸಾಲೆ ಶುರುವಿನ ವರ್ಷಗಳಲ್ಲಿ, 1810ರವರೆಗೆ, 5, 10, 20 ಫುಲಿಯ ತಾಮ್ರದ ನಾಣ್ಯಗಳನ್ನೂ ಹೊರಡಿಸಿತು. ತಾಮ್ರಕ್ಕೆ ಬಿಳಿ ಲೇಪ ಹಾಕಿ ಬೆಳ್ಳಿ ಅಂತ ಮಾರಲು ಬಂದವನು ಈ ನಾಲ್ಕು ಅಕ್ಷರದಲ್ಲೇ ಸಿಕ್ಕಿಬೀಳುತ್ತಾನೆ.

ಈಗ ಊರಿನ ಹೆಸರಿಗೆ ವಾಪಸ್ ಬನ್ನಿ. ಅದರ ಮೊದಲ ಅಕ್ಷರವನ್ನೂ ಹಿಂಬದಿಯ 'ಥೆಥ್ರಿ'ಯ ಮೊದಲ ಅಕ್ಷರವನ್ನೂ ಹೋಲಿಸಿ. ಎರಡೂ ಬೇರೆಬೇರೆ ಇರಬೇಕು. ಒಂದೇ ಆಗಿದ್ದರೆ? ಅದು ಇತ್ತೀಚಿನ ಕೆಲಸ. ಯಾಕೆಂದರೆ ಇಂದಿನ ಹೆಸರು 'ಥ್ಬಿಲಿಸಿ'. ಅದರಲ್ಲೂ ಏಳೇ ಅಕ್ಷರ, ಕೊನೆಯ ಐದು ಒಂದೇ ಥರ. ಬದಲಾಗಿರುವುದು ಮೊದಲ ಎರಡು ಮಾತ್ರ. ಊರಿನ ಅಧಿಕೃತ ಹೆಸರು ಬದಲಾದದ್ದು 1936ರಲ್ಲಿ. 1820ರ ನಾಣ್ಯದ ಮೇಲೆ ಹೊಸ ಹೆಸರು ಇರಲು ಸಾಧ್ಯವೇ ಇಲ್ಲ. ಚಾರ್ಟು ಬೇಡ, ನಿಘಂಟು ಬೇಡ. ನಾಣ್ಯ ತಿರುಗಿಸಿ ನೋಡಿದರೆ ಸಾಕು.

ಹೆಜ್ಜೆ 3: ಬೆಲೆ ಓದಿ

ಹಿಂಬದಿಯ ಮೇಲ್ತುದಿಯಲ್ಲಿರುವ ಒಂಟಿ ಅಕ್ಷರವೇ ಬೆಲೆ. ಜಾರ್ಜಿಯನ್ನರು ಅಂಕಿಗೆ ಬದಲು ಅಕ್ಷರ ಬಳಸುತ್ತಿದ್ದರು. ಪ್ರತಿ ಅಕ್ಷರಕ್ಕೂ ಒಂದು ಸಂಖ್ಯೆ. ಇಲ್ಲಿ ಬರುವುದು ಮೂರೇ:

'ರ' ಇದ್ದರೆ 100. ಅದು ಅರ್ಧ ಅಬಾಜಿ, ರಷ್ಯನ್ ಲೆಕ್ಕದಲ್ಲಿ 10 ಕೊಪೆಕ್ (ಕೊಪೆಕ್ ಅಂದರೆ ರೂಬಲ್ಲಿನ ಪೈಸೆ).
'ಸ' ಇದ್ದರೆ 200. ಒಂದು ಅಬಾಜಿ, 20 ಕೊಪೆಕ್.
'ಉ' ಇದ್ದರೆ 400. ಎರಡು ಅಬಾಜಿ, 40 ಕೊಪೆಕ್.

ಈ ಅಕ್ಷರಗಳ ಆಕಾರ ಗೊತ್ತಿಲ್ಲವೇ? ನಾಣ್ಯದಲ್ಲೇ ಇವೆ! 'ಕಾರ್ಥುಲಿ'ಯ ಐದನೇ ಅಕ್ಷರ 'ಉ'. ಅದೇ ಪದದ ಮೂರನೇ ಅಕ್ಷರ 'ರ'. ಊರಿನ ಹೆಸರಿನ ಆರನೇ ಅಕ್ಷರ 'ಸ'. ಮೇಲಿನ ಒಂಟಿ ಅಕ್ಷರ ಈ ಮೂರರಲ್ಲಿ ಯಾವುದಕ್ಕೆ ಹೋಲುತ್ತದೆ ನೋಡಿ, ಮುಗಿಯಿತು. ಅಕ್ಕನ ಮಗಳು ಇದನ್ನು ಕಂಡಾಗ ಸಂತೆಯಲ್ಲೇ ಜೋರಾಗಿ ಕೂಗಿದಳಂತೆ. ಅವಳದ್ದು 'ಉ'. ಎರಡು ಅಬಾಜಿ.

ಹೆಚ್ಚಾಗಿ ಸಿಗುವುದು ಈ ಎರಡು ಅಬಾಜಿಯೇ. ಅರ್ಧ ಅಬಾಜಿ ಅಪರೂಪ. ಅಗ್ಗವಾಗಿ ಅರ್ಧ ಅಬಾಜಿ ಕೊಡ್ತೀನಿ ಅಂದವನನ್ನು ಇನ್ನೂ ಜಾಸ್ತಿ ಅನುಮಾನಿಸಿ. ಇನ್ನೊಂದು ಮಾತು: ಟಂಕಸಾಲೆ ಮುಚ್ಚಿದ ಮೇಲೂ ಜಾರ್ಜಿಯನ್ನರು 20 ಕೊಪೆಕ್ ನಾಣ್ಯವನ್ನು ಅಬಾಜಿ ಎಂದೇ ಕರೆಯುತ್ತಿದ್ದರು, 5 ಕೊಪೆಕ್ಕನ್ನು ಶೌರಿ ಎಂದು. ಸೋವಿಯತ್ ಕಾಲದವರೆಗೂ ಅದು ಬಾಯಲ್ಲಿ ಉಳಿದಿತ್ತು. ನಮ್ಮ ಅಜ್ಜಿಯರ ನಾಲ್ಕಾಣೆ, ಎಂಟಾಣೆಯ ಹಾಗೆ.

ಹೆಜ್ಜೆ 4: ಇಸವಿ ಓದಿ

ಇಸವಿಯೂ ಅಕ್ಷರದಲ್ಲೇ ಇದೆ. ಇದು ಹಿಜರಿ ಅಲ್ಲ, ಕ್ರಿಸ್ತಶಕ. ಇಸವಿ ಯಾವುದೇ ಇರಲಿ, ಮೊದಲ ಎರಡು ಅಕ್ಷರ ಒಂದೇ: 'ಚಿನ್' ಎಂಬ ಅಕ್ಷರ 1000, ಗಂಟಲ ಒಳಗಿಂದ ಬರುವ 'ಕ್ಖಾರ್' ಎಂಬ ಅಕ್ಷರ 800. ಎರಡೂ ಸೇರಿ 1800. ಇವೆರಡನ್ನು ಬಿಟ್ಟು ಉಳಿದದ್ದನ್ನು ಕೂಡಿಸಿದರೆ ಸಾಕು.

ಮೊದಲು ಎಷ್ಟು ಅಕ್ಷರ ಇದೆ ಅಂತ ಎಣಿಸಿ. ಒಟ್ಟು ಮೂರೇ ಇದ್ದರೆ 1804ರಿಂದ 1810ರೊಳಗೆ, ಇಲ್ಲವೇ 1820, ಇಲ್ಲವೇ 1830. ನಾಲ್ಕಿದ್ದರೆ ಉಳಿದ ವರ್ಷಗಳು. ಉದಾಹರಣೆಗೆ 1829 ಅಂದರೆ ಚಿನ್, ಕ್ಖಾರ್, ಆಮೇಲೆ 20, ಆಮೇಲೆ 9. ಸೊನ್ನೆ ಎಂಬುದೇ ಇಲ್ಲ.

ಇಲ್ಲೂ ಅರ್ಧ ಕೆಲಸ ನಾಣ್ಯವೇ ಮಾಡಿಕೊಡುತ್ತದೆ. 'ಅ' ಎಂದರೆ 1, ಅದು ಕಾರ್ಥುಲಿಯ ಎರಡನೇ ಅಕ್ಷರ. 'ಎ' ಎಂದರೆ 5, ಥೆಥ್ರಿಯ ಎರಡನೇ ಅಕ್ಷರ. 'ಥ' ಎಂದರೆ 9, ಥೆಥ್ರಿಯ ಮೊದಲ ಅಕ್ಷರ. 'ಇ' ಎಂದರೆ 10, ಎಲ್ಲ ಪದಗಳ ಕೊನೆಯ ಅಕ್ಷರ. 'ಲ' ಎಂದರೆ 30, ತ್ಫಿಲಿಸಿಯ ನಾಲ್ಕನೆಯದು. ನಾಣ್ಯದ ಪದಗಳಲ್ಲಿ ಸಿಗದೆ ಉಳಿಯುವುದು ಏಳೇ ಅಕ್ಷರ: ಬ 2, ಗ 3, ದ 4, ವ 6, ಜ಼ 7, ಹೇ 8, ಕ 20. ಈ 'ಕ' ಕಾರ್ಥುಲಿಯ ಮೊದಲ ಅಕ್ಷರ ಅಲ್ಲ, ಅವರಲ್ಲಿ ಅದು ಬೇರೆ ಅಕ್ಷರ. ಜಾರ್ಜಿಯನ್ ವರ್ಣಮಾಲೆಯ ಒಂದು ಚಾರ್ಟು ಮುದ್ರಿಸಿಕೊಂಡು ಈ ಏಳಕ್ಕೆ ಮಾತ್ರ ಗುರುತು ಹಾಕಿಕೊಳ್ಳಿ. 8ರ 'ಹೇ' ಇಂದಿನ ಜಾರ್ಜಿಯನ್ ಬರಹದಲ್ಲಿ ಬಳಕೆಯಲ್ಲಿಲ್ಲ. ಹಾಗಾಗಿ ಹಳೆ ಅಕ್ಷರಗಳೂ ಇರುವ ಚಾರ್ಟನ್ನೇ ಹುಡುಕಿ.

ಒಂದು ಗುಂಡಿ ಇದೆ, ಬೀಳಬೇಡಿ. 6ರ 'ವ' ಮತ್ತು 20ರ 'ಕ' ಅಣ್ಣತಮ್ಮಂದಿರ ಹಾಗೆ ಒಂದೇ ಥರ ಕಾಣುತ್ತವೆ. 'ಕ'ಗೆ ತಲೆಯ ಮೇಲೆ ಎದ್ದ ಒಂದು ಗೆರೆ ಇರುತ್ತದೆ, ಅಷ್ಟೇ ವ್ಯತ್ಯಾಸ. ಸವೆದ ನಾಣ್ಯದಲ್ಲಿ ಆ ಗೆರೆಯೇ ಮೊದಲು ಹೋಗುತ್ತದೆ. ಎರಡರಲ್ಲೂ ಇಸವಿಗೆ ಮೂರೇ ಅಕ್ಷರ. 1806 ಎಂದು ಮಾರುವುದು ನಿಜಕ್ಕೂ 1820 ಆಗಿರಬಹುದು. ಅಕ್ಕನ ಮಗಳು ತೊಡರಿದ್ದೂ ಇಲ್ಲೇ. "ಆರೋ ಇಪ್ಪತ್ತೋ ಗೊತ್ತಾಗ್ತಿಲ್ಲ ಚಿಕ್ಕಮ್ಮಾ." ಆಗ ಮುಂದಿನ ಹೆಜ್ಜೆ ಕೈಹಿಡಿಯಿತು.

ಹೆಜ್ಜೆ 5: ಕೆಳಗಿನ ಎರಡು ಪುಟ್ಟ ಅಕ್ಷರ

ಇಡೀ ನಾಣ್ಯದಲ್ಲಿ ರಷ್ಯನ್ ಲಿಪಿ ಇರುವುದು ಇಲ್ಲಿ ಮಾತ್ರ. ಟಂಕಸಾಲೆಯ ಮೇಲ್ವಿಚಾರಕನ ಹೆಸರಿನ ಮೊದಲಕ್ಷರಗಳು ಇವು. ಸಂತೆಗೆ ಬಂದ ರೈತನ ಕಣ್ಣಿಗೆ ಬೀಳದಷ್ಟು ಸಣ್ಣವು. ಬೆಳ್ಳಿಯ ತೂಕ, ಶುದ್ಧತೆಗೆ ಹೊಣೆ ಯಾರದು, ಲೆಕ್ಕ ಒಪ್ಪಿಸಬೇಕಾದದ್ದು ಯಾರಿಗೆ ಎಂಬುದನ್ನು ಹೇಳುವುದು ಈ ಎರಡೇ ಅಕ್ಷರ. ಹದ್ದು ಬೇಡವಾಗಿತ್ತು ಅಂದೆನಲ್ಲ, ಅದರ ಕೆಲಸವನ್ನು ಇವು ಸದ್ದಿಲ್ಲದೆ ಮಾಡುತ್ತವೆ.

ಬಾಗಿಲ ಚೌಕಟ್ಟಿನಂಥ ಅಕ್ಷರ, ಪಕ್ಕದಲ್ಲಿ 3 ಅಂಕಿಯಂಥದ್ದು ಇದ್ದರೆ ಅದು 'ಪ–ಜ಼'. ಶುರುವಿನ ವರ್ಷಗಳದ್ದು. ಇಂಗ್ಲಿಷಿನ ಎ, ಕೆ ಥರ ಇದ್ದರೆ 'ಅ–ಕ'. ಎ, ಟಿ ಥರ ಇದ್ದರೆ 'ಅ–ತ'. ಮಧ್ಯದ ಕಾಲದಲ್ಲಿ ಬಹಳ ಸಲ ಕಾಣುವುದು ಇದು. ಇಂಗ್ಲಿಷಿನ ಬಿ, ಕೆ ಥರ ಕಂಡರೆ 'ವ–ಕ'. ರಷ್ಯನ್ನರ 'ವ' ನೋಡಲು ಬಿ ಥರವೇ ಇರುತ್ತದೆ. ಅದು ಟಂಕಸಾಲೆಯ ಕೊನೆಯ ವರ್ಷಗಳದ್ದು.

ನಮ್ಮ ಫೋಟೊದಲ್ಲಿದ್ದದ್ದು 'ಅ–ತ'. 1806ರಲ್ಲಿ ಆ ಜೋಡಿ ಇನ್ನೂ ಬಂದಿರಲಿಲ್ಲ. ಹಾಗಾದರೆ ಅದು 'ವ' ಅಲ್ಲ, 'ಕ'. ಇಸವಿ 1820. ಮಾರುವವನು ಮಾತ್ರ 1806 ಎಂದೇ ಹೇಳುತ್ತಿದ್ದ. ಮೋಸ ಅಂತಲ್ಲ, ಅವನೂ ತಪ್ಪು ಓದಿರಬಹುದು. ಇಸವಿಗೂ ಈ ಜೋಡಿಗೂ ತಾಳೆಯಾಗದಿದ್ದರೆ ಒಂದೋ ನೀವು ತಪ್ಪು ಓದಿದ್ದೀರಿ, ಇಲ್ಲ ನಾಣ್ಯವೇ ಸುಳ್ಳು. ಕ್ಯಾಟಲಾಗಿನಲ್ಲಿ ಆ ಇಸವಿಗೆ ಆ ಜೋಡಿ ಇದೆಯೇ ನೋಡಿಕೊಂಡು ಮುಂದುವರಿಯಿರಿ.

ಹೆಜ್ಜೆ 6: ತಕ್ಕಡಿ ಮತ್ತು ನೀರು

ಅಕ್ಷರ ಸರಿ ಇದ್ದರೂ ಲೋಹ ಸುಳ್ಳಾಗಿರಬಹುದು. ನಾನೇ ಮೋಸ ಹೋಗಿದ್ದೇನೆ. ಎರಡು ವರ್ಷದ ಹಿಂದೆ ಆನ್‌ಲೈನ್‌ನಲ್ಲಿ ಒಬ್ಬರಿಂದ ಎರಡು ಅಬಾಜಿ ಕೊಂಡೆ. ಅಕ್ಷರ ಪಕ್ಕಾ. ತೂಕ 6.2 ಗ್ರಾಂ, ಅದೂ ಸರಿ. ಖುಷಿಯಲ್ಲಿ ಎರಡು ದಿನ ಎಲ್ಲರಿಗೂ ತೋರಿಸಿದೆ. ಮೂರನೇ ದಿನ ಸುಮ್ನೆ ಇರಲಾರದೆ ನೀರಿಗೆ ಇಳಿಸಿದೆ.

ತೂಕ ಹೀಗಿರಬೇಕು: ಎರಡು ಅಬಾಜಿ ಸುಮಾರು 6.3 ಗ್ರಾಂ, ಒಂದು ಅಬಾಜಿ ಸುಮಾರು 3.15, ಅರ್ಧ ಸುಮಾರು 1.58. ಈಗ ಚಲಾವಣೆಯಲ್ಲಿರುವ ಹೊಸ ಒಂದು ರೂಪಾಯಿ ನಾಣ್ಯ 3.09 ಗ್ರಾಂ. ಅದನ್ನು ಕೈಯಲ್ಲಿ ಹಿಡಿದರೆ ಒಂದು ಅಬಾಜಿಯ ಭಾರ ಅಂದಾಜಾಗುತ್ತದೆ. ಸವೆದಿದ್ದರೆ ತೂಕ ಸ್ವಲ್ಪ ಕಡಿಮೆ ಬರುತ್ತದೆ. ಜಾಸ್ತಿ ಬಂದರೆ ಅನುಮಾನ ಪಡಿ. ಇನ್ನೂರು ವರ್ಷ ಕೈಯಿಂದ ಕೈಗೆ ಹೋದ ಬೆಳ್ಳಿ ದಪ್ಪಗಾಗುವುದಿಲ್ಲ.

ಶುದ್ಧತೆ 0.917. ಅಂದರೆ 24ರಲ್ಲಿ 22 ಪಾಲು ಬೆಳ್ಳಿ. ನಮ್ಮ 22 ಕ್ಯಾರೆಟ್ ಚಿನ್ನದ ಲೆಕ್ಕವೇ. ಉಳಿದದ್ದು ತಾಮ್ರ. ಈ ಮಿಶ್ರಲೋಹ ತನ್ನಷ್ಟೇ ಗಾತ್ರದ ನೀರಿಗಿಂತ ಸುಮಾರು 10.3 ಪಟ್ಟು ಭಾರ. ಇದನ್ನು ಮನೆಯಲ್ಲೇ ಪರೀಕ್ಷಿಸಬಹುದು. 0.01 ಗ್ರಾಂ ತೋರಿಸುವ ಪುಟ್ಟ ಡಿಜಿಟಲ್ ತಕ್ಕಡಿ ಬೇಕು. ಅಕ್ಕಸಾಲಿಗರ ಹತ್ತಿರ ಇರುತ್ತದಲ್ಲ, ಅಂಥದ್ದು.

ಮೊದಲು ಒಣ ನಾಣ್ಯ ತೂಗಿ ಬರೆದಿಟ್ಟುಕೊಳ್ಳಿ. ಆಮೇಲೆ ಚಿಕ್ಕ ಲೋಟದಲ್ಲಿ ನೀರು ತುಂಬಿ ತಕ್ಕಡಿ ಮೇಲಿಟ್ಟು ಸೊನ್ನೆ ಮಾಡಿ. ನಾಣ್ಯವನ್ನು ಹೊಲಿಗೆ ದಾರದ ಕುಣಿಕೆಯಲ್ಲಿ ಸಿಕ್ಕಿಸಿ ನೀರೊಳಗೆ ತೂಗಿಬಿಡಿ. ಪೂರ್ತಿ ಮುಳುಗಬೇಕು, ತಳಕ್ಕೂ ಗೋಡೆಗೂ ತಾಗಬಾರದು. ಗಾಳಿಗುಳ್ಳೆ ಅಂಟಿದ್ದರೆ ಮೆಲ್ಲಗೆ ಅಲ್ಲಾಡಿಸಿ. ಈಗ ತಕ್ಕಡಿ ಒಂದು ಸಣ್ಣ ಸಂಖ್ಯೆ ತೋರಿಸುತ್ತದೆ. ಒಣ ತೂಕವನ್ನು ಅದರಿಂದ ಭಾಗಿಸಿ.

6.3 ಗ್ರಾಂ ನಾಣ್ಯಕ್ಕೆ 0.61 ಬಂದರೆ ಸರಿ. ನನ್ನದು 0.72 ತೋರಿಸಿತು. ಭಾಗಿಸಿದರೆ 8.6. ಬೆಳ್ಳಿಯ ಮೈಬಣ್ಣದ ಯಾವುದೋ ಅಗ್ಗದ ಲೋಹ. ತೂಕ ಸರಿಹೊಂದಿಸಲು ಒಂಚೂರು ದಪ್ಪ ಮಾಡಿದ್ದರು, ಅಷ್ಟೇ. ಮಾರಿದವರಿಗೆ ಮೆಸೇಜ್ ಹಾಕಿದೆ, ಉತ್ತರ ಬರಲಿಲ್ಲ. ಅದನ್ನು ಎಸೆದಿಲ್ಲ. ಹೊಸಬರಿಗೆ ತೋರಿಸಲು ಇಟ್ಟುಕೊಂಡಿದ್ದೇನೆ.

ಕೈ ಕುದುರಲು ಮೊದಲು ಮನೆಯಲ್ಲಿರುವ ವಿಕ್ಟೋರಿಯಾ ರೂಪಾಯಿಯಲ್ಲಿ ಅಭ್ಯಾಸ ಮಾಡಿ. ದೇವರ ಮನೆಯ ಪೆಟ್ಟಿಗೆಯಲ್ಲೋ ಅಜ್ಜಿಯ ಡಬ್ಬಿಯಲ್ಲೋ ಒಂದಾದರೂ ಇರಬಹುದು. ಅದರ ಶುದ್ಧತೆಯೂ 0.917. ತೂಕ 11.66 ಗ್ರಾಂ, ನೀರಿನಲ್ಲಿ 1.13ರ ಸುಮಾರು ಬರಬೇಕು. ಅರ್ಧ ಅಬಾಜಿಗೆ ಮಾತ್ರ ಈ ಉಪಾಯ ಅಷ್ಟು ನಂಬಿಕೆಯದ್ದಲ್ಲ. ಅಷ್ಟು ಚಿಕ್ಕ ನಾಣ್ಯಕ್ಕೆ 0.15 ಬರುತ್ತದೆ. ತಕ್ಕಡಿ 0.01 ಆಚೀಚೆ ಆದರೂ ಲೆಕ್ಕ ತಪ್ಪುತ್ತದೆ.

ಆಯಸ್ಕಾಂತವೂ ಇರಲಿ. ನಾಣ್ಯ ಅಂಟಿಕೊಂಡರೆ ಖಂಡಿತ ಬೆಳ್ಳಿ ಅಲ್ಲ. ಅಂಟದಿದ್ದರೆ ಬೆಳ್ಳಿ ಅಂತಲೂ ಅಲ್ಲ. ಹಿತ್ತಾಳೆ, ಸೀಸವೂ ಅಂಟುವುದಿಲ್ಲವಲ್ಲ.

ಹೆಜ್ಜೆ 7: ಅಂಚು, ತೂತು

ನಾಣ್ಯವನ್ನು ಅಂಚಿನಲ್ಲಿ ಹಿಡಿದು ನಿಧಾನ ತಿರುಗಿಸಿ. ಸುತ್ತಲೂ ಓಡುವ ತೆಳ್ಳನೆ ಜೋಡಣೆ ಗೆರೆ ಕಂಡರೆ ಅದು ಎರಕ ಹೊಯ್ದದ್ದು. ಟಂಕಸಾಲೆಯಲ್ಲಿ ನಾಣ್ಯವನ್ನು ಅಚ್ಚಿನಲ್ಲಿ ಹೊಡೆಯುತ್ತಾರೆ, ಎರಕ ಹೊಯ್ಯುವುದಿಲ್ಲ. ಎರಕದ್ದಾದರೆ ಬರಹವಿಲ್ಲದ ಖಾಲಿ ಜಾಗದಲ್ಲಿ ಇಡ್ಲಿಯ ಮೈಯಂತೆ ಸಣ್ಣಸಣ್ಣ ತೂತುಗಳೂ, ಅಕ್ಷರಗಳಿಗೆ ಮೊಂಡು ಅಂಚೂ ಇರುತ್ತವೆ.

ಇನ್ನು ಕಿರೀಟದ ಮೇಲೆ ಲೂಪ್ ಇಟ್ಟು ನೋಡಿ. ಕಾಕಸಸ್ ಕಡೆಯ ಹೆಂಗಸರು ಬೆಳ್ಳಿ ನಾಣ್ಯಗಳನ್ನು ಕೊರಳಿಗೆ, ಉಡುಪಿಗೆ ಪೋಣಿಸಿಕೊಳ್ಳುತ್ತಿದ್ದರು. ನಮ್ಮ ಕಾಸಿನ ಸರದಂತೆ. ಪೋಣಿಸಲು ಅಂಚಿನ ಹತ್ತಿರ ತೂತು ಕೊರೆಯುತ್ತಿದ್ದರು. ಆ ತೂತನ್ನು ಈಚೆಗೆ ಬೆಸುಗೆ ಹಾಕಿ ಮುಚ್ಚಿ, ಉಜ್ಜಿ, 'ಪೂರ್ತಿ ನಾಣ್ಯ' ಅಂತ ಮಾರುವುದುಂಟು. ಅಲ್ಲಿ ಬಣ್ಣ ಒಂಚೂರು ಬೇರೆ ಇರುತ್ತದೆ. ಎರಡೂ ಬದಿ ಒಂದೇ ಜಾಗದಲ್ಲಿ ವಿನ್ಯಾಸ ಮಸುಕಾಗಿರುತ್ತದೆ. ತೂತಿದ್ದರೆ ಬೆಲೆ ಬಹಳ ಇಳಿಯುತ್ತದೆ. ನನಗೇನೋ ತೂತಿರುವುದೇ ಇಷ್ಟ. ಯಾರದೋ ಕೊರಳು ಕಂಡಿರುತ್ತದೆ, ಬೆಲೆಯೂ ಕೈಗೆಟುಕುತ್ತದೆ. ಮುಚ್ಚಿದ್ದನ್ನು ಮಾತ್ರ ಕೊಳ್ಳಲ್ಲ.

ಹೆಜ್ಜೆ 8: ಕಾಗದಪತ್ರ

ಜಾರ್ಜಿಯಾದಿಂದ ಹಳೆಯ ವಸ್ತುಗಳನ್ನು ಹೊರಗೆ ಒಯ್ಯಲು ಅಲ್ಲಿನ ಸಾಂಸ್ಕೃತಿಕ ಪರಂಪರೆ ಸಂರಕ್ಷಣಾ ಸಂಸ್ಥೆಯ ಅನುಮತಿ ಪತ್ರ ಬೇಕು. ಮಾರುವವರು "ಏನೂ ಬೇಡ, ಜೇಬಲ್ಲಿ ಹಾಕ್ಕೊಂಡು ಹೋಗಿ" ಅಂತಾರೆ. ಏರ್‌ಪೋರ್ಟಿನಲ್ಲಿ ಅವರು ನಿಮ್ಮ ಜೊತೆ ಇರುವುದಿಲ್ಲ. ಓದಲು ಹೋದ ಮಕ್ಕಳಿಗೆ ಇದನ್ನು ಒತ್ತಿ ಹೇಳಿ. ವೀಸಾ ಮೇಲಿರುವವರು ಒಂದು ನಾಣ್ಯಕ್ಕಾಗಿ ತೊಂದರೆಗೆ ಸಿಕ್ಕಬಾರದು.

ಭಾರತಕ್ಕೆ ತಂದರೆ ಕಸ್ಟಮ್ಸ್‌ನಲ್ಲಿ ಬಿಲ್ ಸಮೇತ ಹೇಳಿಬಿಡಿ. ನಮ್ಮ 1972ರ ಪುರಾತನ ವಸ್ತುಗಳ ಕಾಯ್ದೆಯ ಪ್ರಕಾರ ನೂರು ವರ್ಷ ದಾಟಿದ ನಾಣ್ಯವೂ ಪುರಾತನ ವಸ್ತುವೇ. ಅಂಥದ್ದನ್ನು ಖಾಸಗಿಯಾಗಿ ದೇಶದ ಹೊರಗೆ ಕಳಿಸುವಂತಿಲ್ಲ. ಹಾಗಾಗಿ 'ಇಷ್ಟ ಆಗದಿದ್ದರೆ ವಾಪಸ್ ಕಳಿಸಿ' ಎಂಬ ವಿದೇಶಿ ಮಾರಾಟಗಾರರ ಭರವಸೆ ನಂಬಿ ಕೊಳ್ಳಬೇಡಿ.

ಕೊಳ್ಳದೆ ನೋಡುವ ದಾರಿಯೂ ಇದೆ. ಟಿಬಿಲಿಸಿಯ ರುಸ್ತಾವೆಲಿ ರಸ್ತೆಯಲ್ಲಿ ಜನಾಶಿಯಾ ಮ್ಯೂಸಿಯಂ ಇದೆ, ರಾಷ್ಟ್ರೀಯ ಮ್ಯೂಸಿಯಂನ ಭಾಗ. ಕಾಖೇತಿಯ ಕ್ವಾರೆಲಿಯಲ್ಲಿ ಜಾರ್ಜಿಯಾದ ರಾಷ್ಟ್ರೀಯ ಬ್ಯಾಂಕ್ ನಡೆಸುವ ಹಣದ ಮ್ಯೂಸಿಯಂ ಇದೆ. ಅಸಲಿ ನಾಣ್ಯಗಳನ್ನು ಹತ್ತು ಸಲ ಕಣ್ಣಾರೆ ನೋಡಿದವರಿಗೆ ನಕಲಿ ತಾನಾಗೇ ಚುಚ್ಚುತ್ತದೆ.

ಹೆಜ್ಜೆ 9: ತೊಳೆಯಬೇಡಿ

ಕೈಗೆ ಸಿಕ್ಕ ಕೂಡಲೇ ಹುಣಸೆಹಣ್ಣು, ವಿಭೂತಿ, ಟೂತ್‌ಪೇಸ್ಟ್ ಹುಡುಕುವ ಅಭ್ಯಾಸ ನಮ್ಮದು. ದೀಪದ ಕಂಬಕ್ಕೆ ಅದು ಸರಿ. ನಾಣ್ಯಕ್ಕೆ ಬೇಡ. ಕಪ್ಪು ಛಾಯೆ ಬೆಳ್ಳಿಯ ವಯಸ್ಸು. ಉಜ್ಜಿದರೆ ಅಕ್ಷರದ ಅಂಚೂ ಅದರ ಜೊತೆ ಹೋಗುತ್ತದೆ. 'ಕ'ದ ತಲೆಗೆರೆ ಎಷ್ಟು ಸಣ್ಣದು ಅಂತ ಈಗ ಗೊತ್ತಲ್ಲ! ಮಣ್ಣು ಅಂಟಿದ್ದರೆ ಬರೀ ನೀರಲ್ಲಿ ಅದ್ದಿ, ಮೆತ್ತನೆ ಬಟ್ಟೆಯಲ್ಲಿ ಒತ್ತಿ ಒಣಗಿಸಿ. ತಿಕ್ಕಬೇಡಿ.

ಅಗ್ಗದ ಮೃದು ಪಿವಿಸಿ ಕವರಿನಲ್ಲಿ ಇಟ್ಟರೆ ಕೆಲವು ವರ್ಷಕ್ಕೆ ಹಸಿರು ಜಿಗುಟು ಅಂಟುತ್ತದೆ. ನಾಣ್ಯಕ್ಕೆಂದೇ ಮಾಡಿದ ಕಾಗದದ ಚೌಕಟ್ಟು ಒಳ್ಳೆಯದು. ರಬ್ಬರ್ ಬ್ಯಾಂಡ್ ಹತ್ತಿರ ಸುಳಿಯಬಾರದು, ಅದರಲ್ಲಿರುವ ಗಂಧಕ ಬೆಳ್ಳಿಯನ್ನು ಕಪ್ಪಾಗಿಸುತ್ತದೆ. ಕರಾವಳಿ, ಮಲೆನಾಡಿನವರು ಡಬ್ಬಿಯೊಳಗೆ ಸಿಲಿಕಾ ಜೆಲ್ ಪೊಟ್ಟಣ ಹಾಕಿ, ಮಳೆಗಾಲದಲ್ಲಿ ಬದಲಿಸಿ.

ಜೊತೆಗೆ ಒಂದು ಚೀಟಿ ಇಡಿ, ನಿಮ್ಮ ಕೈಬರಹದಲ್ಲೇ. ಅಕ್ಕನ ಮಗಳು ಆವತ್ತು ಅನುಮತಿ ಪತ್ರದ ಮಾತೆತ್ತಿದ ಕೂಡಲೇ ಆ ಮನುಷ್ಯ ಮುಖ ತಿರುಗಿಸಿದನಂತೆ. ಹಾಗಾಗಿ ಆ 1820 ಅಲ್ಲೇ ಉಳಿಯಿತು. ಆಮೇಲೆ ನಾನು ಇಲ್ಲೇ ಒಂದು ಹರಾಜಿನಲ್ಲಿ ಬೇರೊಂದನ್ನು ಕೊಂಡೆ. ಅದರ ಚೀಟಿಯಲ್ಲಿ ಹೀಗಿದೆ: ತ್ಫಿಲಿಸಿ. ಉ, 400. ಚಿನ್-ಕ್ಖಾರ್-ಕ-ಥ, 1829. ಅ–ತ. ಒಣ ತೂಕ 6.20, ನೀರಿನಲ್ಲಿ 0.60. ಕಿರೀಟದ ಎಡಕ್ಕೆ ತೂತು, ಮುಚ್ಚಿಲ್ಲ.